ಅಪ್ಪನ ಅಂಕದ ಅಂಗಿ

ಅಪ್ಪ ಹುಂಜದ ರೆಕ್ಕೆಯೆತ್ತಿ ಅದರ ಅಡಿಯನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದ. ಹೆಬ್ಬೆರಳನ್ನು ಗರಿಗಳ ಬುಡಕ್ಕೆ ಒತ್ತಿ, ಎಲ್ಲಿ ಮೈ ಬಿಸಿಯಿದೆಯೆಂದು ಹುಡುಕಿ, ಅಲ್ಲಿಗೆ ಬಾಯಿಂದ ಗಾಳಿ ಊದುತ್ತಿದ್ದ. ಸುಪ್ರಿತಾ ಹೊಲಿಗೆಕೋಣೆಯ ಕಿಟಕಿಯ ಹಿಂದೆ ನಿಂತು ನೋಡುತ್ತಿದ್ದಳು. ಮೂರು ದಿನದ ಹಿಂದೆ ಅದೇ ಹೆಬ್ಬೆರಳಿನ ಅದೇ ಕೈ ಅವಳ ಎಡಕಿವಿಯ ಮೇಲೆ ಬಿದ್ದಿತ್ತು. ಅಂದಿನಿಂದ ಆ ಕಿವಿಯೊಳಗೆ, ದೂರದಲ್ಲೆಲ್ಲೋ ಮರದ ಮಿಲ್ಲು ನಡೆಯುತ್ತಿರುವ ಹಾಗೆ, ಒಂದು ಸದ್ದು ನಿಂತೇ ಇರಲಿಲ್ಲ. ಆಶ್ಚರ್ಯವೆಂದರೆ ಅವಳಿಗೆ ಸಿಟ್ಟು ಬಂದದ್ದು ಏಟಿಗಲ್ಲ, ಈ ಊದುವಿಕೆಗೆ. ತನ್ನ ಮೊಣಕಾಲು ತರಚಿದಾಗ, ಜ್ವರದಲ್ಲಿ ಬೆಂದಾಗ, ಅಪ್ಪ ಎಂದಾದರೂ ಹೀಗೆ ತುಟಿ ಚೂಪು ಮಾಡಿ ಊದಿದ್ದನೇ ಎಂದು ನೆನಪಿನ ಮೂಟೆಗಳನ್ನೆಲ್ಲ ಬಿಚ್ಚಿ ಹುಡುಕಿದಳು, ಏನೂ ಸಿಗಲಿಲ್ಲ. ಹುಂಜ ಉರಿಯ. ಬೆಂಕಿಯ ಬಣ್ಣದ ಹುಂಜಗಳಿಗೆಲ್ಲ ಈ ಕಡೆ ಅದೇ ಹೆಸರು, ಬಣ್ಣವೇ ಜಾತಿ, ಬಣ್ಣವೇ ಜಾತಕ. ಇವತ್ತಿನ ದಿನಕ್ಕೆ, ಈ ಹೊತ್ತಿಗೆ, ಉರಿಯ ಬಿಳಿಯ ಹುಂಜವನ್ನು ಕೊಲ್ಲುತ್ತದೆಂದು ಕುಕ್ಕುಟ ಪಂಚಾಂಗ ಹೇಳಿದೆಯಂತೆ. ಆದರೆ ಪಂಚಾಂಗವೊಂದೇ ಸಾಲದು, ಅಂಗಿಯೂ ಬೇಕು. ಅಂಗಿ ಈಗ ಸುಪ್ರಿತಾಳ ಮೈಮೇಲಿತ್ತು. ಉರಿಯ ಸೋತರೆ ನಾಳೆ ಬೆಳಿಗ್ಗೆ ಹೊಲಿಗೆಮಿಷನ್ ಗುಜರಿಗೆ, ಬಟ್ಟೆಯ ಮೂಟೆಗಳು ಒಲೆಗೆ, ಕೋಣೆಗೆ ಬೀಗ. ಅಪ್ಪ ಒಮ್ಮೆ ಹೇಳಿದ್ದನ್ನು ಎರಡನೆಯ ಸಲ ಹೇಳುವವನಲ್ಲ.

ಆ ಕೋಣೆ ಮೊದಲು ರಬ್ಬರ್ ಶೀಟುಗಳಿಗೆ ಹೊಗೆ ಹಾಕುವ ಗೂಡಾಗಿತ್ತು. ಬೆಳ್ಳಾರೆಯಿಂದ ಸವಣೂರಿಗೆ ಹೋಗುವ ರಸ್ತೆಯ ಬದಿಯಲ್ಲಿ ಅಪ್ಪನ ರಬ್ಬರ್ ಖರೀದಿಯ ಶೆಡ್ಡು, ಶೆಡ್ಡಿನ ಬೆನ್ನಿಗೆ ಮನೆ, ಮನೆಯ ಬೆನ್ನಿಗೆ ಈ ಗೂಡು. ಜನ ಶೀಟು ಮಾಡದೆ ರಬ್ಬರ್ ಹಾಲನ್ನೇ ನೇರ ಮಾರತೊಡಗಿದ ಮೇಲೆ ಹೊಗೆ ನಿಂತಿತು, ಗೋಡೆಗಳ ಕಪ್ಪು ಉಳಿಯಿತು. ಅಲ್ಲಿಗೆ ಅವಳು ಮಿಷನ್ ತಂದಿಟ್ಟು ನಾಲ್ಕು ವರ್ಷ. ಪುತ್ತೂರಿನ ಸೋಮವಾರದ ಸಂತೆಯಲ್ಲಿ ಹಳೆ ಬಟ್ಟೆಯ ರಾಶಿಗಳ ಮುಂದೆ ಕುಕ್ಕರಗಾಲಿನಲ್ಲಿ ಕೂತು ಹೊಲಿಗೆಯ ಕೆಲಸಕ್ಕೆ ಬರುವ ಶಮೀನಾ ಮತ್ತು ಅವಳು ಮೊಣಕೈವರೆಗೆ ಕೈ ಹಾಕಿ ಹುಡುಕುತ್ತಿದ್ದರು: ಯಾರೋ ಮದುವೆಗೆ ಉಟ್ಟ ಸೀರೆ, ಯಾವುದೋ ಕಾಲೇಜಿನ ಸಮವಸ್ತ್ರ, ಕಂಕುಳಲ್ಲಿ ಹಳದಿ ಬಿದ್ದ ಶರ್ಟು. ತಂದು, ಅಂಟುವಾಳಕಾಯಿಯ ನೊರೆಯಲ್ಲಿ ಮೂರು ಸಲ ಒಗೆದು, ಹೊಲಿಗೆ ಬಿಚ್ಚಿ, ಬಿಡಿಬಿಡಿಯಾಗಿ ಹರಡಿದರೆ ಅಂಗಿ ಅಂಗಿಯಾಗಿ ಉಳಿಯುತ್ತಿರಲಿಲ್ಲ. ಎರಡು ತೋಳು, ಒಂದು ಬೆನ್ನು, ಎರಡು ಎದೆ. ಸುಲಿದಿಟ್ಟ ಪ್ರಾಣಿಯ ಹಾಗೆ. ಆ ಹೊತ್ತಿನಲ್ಲಿ ಅವಳಿಗೆ ಕತ್ತರಿಯ ಮೇಲೆ ಒಂದು ಆಸೆ ಹುಟ್ಟುತ್ತಿತ್ತು, ಬಾಯಿ ತುಂಬ ನೀರೂರುವಂಥ ಆಸೆ. ಆಮೇಲೆ ಅವಳು ಮೊಬೈಲಿನಲ್ಲಿ ತನ್ನ ಪುಟದಲ್ಲಿ ಫೋಟೋ ಹಾಕಿ ಬರೆಯುತ್ತಿದ್ದಳು: ಹೊಸದನ್ನು ಕೊಳ್ಳುವಾಗಲೆಲ್ಲ ಎಲ್ಲೋ ಒಂದು ಹೊಳೆ ಸಾಯುತ್ತದೆ, ಇದ್ದುದನ್ನೇ ಮತ್ತೆ ಹುಟ್ಟಿಸಿ, ನಿಮ್ಮ ಬಟ್ಟೆ ಯಾರನ್ನೂ ನೋಯಿಸದಿರಲಿ. ಪುಟದ ಹೆಸರು ‘ಮರುಹೊಲಿಗೆ’. ಸುಳ್ಯದ ಕಾಲೇಜು ಹುಡುಗಿಯರು ಕೆಳಗೆ ಹೃದಯದ ಚಿತ್ರ ಒತ್ತುತ್ತಿದ್ದರು, ಕೊಳ್ಳುತ್ತಿದ್ದರು, ತೊಟ್ಟು ತಮ್ಮ ಫೋಟೋ ಕಳಿಸುತ್ತಿದ್ದರು. ಬಟ್ಟೆಗೆ ನೆನಪಿಲ್ಲ ಎಂದು ಅವಳು ನಂಬಿದ್ದಳು. ಮೂರು ಒಗೆತಕ್ಕೆ ಎಲ್ಲವೂ ಹೋಗುತ್ತದೆ. “ಸತ್ತವರದ್ದಾ ಇದ್ದವರದ್ದಾ ಅಂತ ಬಟ್ಟೆ ಎಂತದೂ ಹೇಳುದಿಲ್ಲ ಮಾರಾಯ್ತಿ,” ಎಂದು ಶಮೀನಾ ನಗುತ್ತಿದ್ದಳು, ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ.

ಅದೇ ಕೋಣೆಯ ಬಾಗಿಲ ಹಿಂದಿನ ಮೊಳೆಯಲ್ಲಿ ಅಪ್ಪನ ಅಂಗಿ ತೂಗುತ್ತಿತ್ತು. ಕೆನೆಬಣ್ಣದ ಅರ್ಧತೋಳಿನ ಅಂಗಿ. ಹೊಗೆಯಿದ್ದ ಕಾಲದಲ್ಲಿ ಹುಳ ಹಿಡಿಯದಿರಲಿ ಎಂದು ಅಲ್ಲಿ ತೂಗಹಾಕಿದ್ದು, ಹೊಗೆ ಹೋದ ಮೇಲೂ ಜಾಗ ಬದಲಾಗಿರಲಿಲ್ಲ. ಹುಂಜಗಳನ್ನು ಕಾದಿಸುವ ಕೋಳಿ ಅಂಕಕ್ಕೆ ಹೋಗುವ ದಿನ ಮಾತ್ರ ಅದು ಮೊಳೆಯಿಂದ ಇಳಿಯುವುದು. ಒಗೆಯಬಾರದು, ಹೆಂಗಸರು ಮುಟ್ಟಬಾರದು. ಗೆದ್ದ ದಿನದ ರಕ್ತ ಅದರ ಮೇಲೆಯೇ ಒಣಗಬೇಕು. ಒಗೆದರೆ ಗೆಲುವು ನೀರಿನಲ್ಲಿ ಹೋಗುತ್ತದೆ. ಹನ್ನೊಂದು ವರ್ಷದ ಕಲೆಗಳು ಎದೆಯಿಂದ ಹೊಟ್ಟೆಯವರೆಗೆ, ಕೆಲವು ಸಾಸಿವೆಯಷ್ಟು, ಕೆಲವು ಹುಣಸೆಬೀಜದಷ್ಟು, ಹರಡಿ ಕಂದಿ ತುಕ್ಕಿನ ಬಣ್ಣಕ್ಕೆ ತಿರುಗಿದ್ದವು. ಅದನ್ನು ಸುಪ್ರಿತಾ ಒಗೆದಿದ್ದಳು. ಮೂರು ಸಲ. ಕಲೆ ಮಾಸಿತೇ ಹೊರತು ಹೋಗಲಿಲ್ಲ. ಭುಜ ಕತ್ತರಿಸಿ ಕಿರಿದು ಮಾಡಿ, ಪಕ್ಕಗಳಿಂದ ಎರಡೆರಡು ಅಂಗುಲ ತೆಗೆದು, ಕೆಳಗಂಚನ್ನು ಸೊಂಟಕ್ಕೆ ತಂದು ನಿಲ್ಲಿಸಿ, ಒಂದೊಂದು ಕಲೆಯ ಸುತ್ತಲೂ ಕೆಂಪು ನೂಲಿನ ಸಣ್ಣ ಹೊಲಿಗೆ ಹಾಕಿದಳು. ನಲವತ್ತಮೂರು ಕೆಂಪು ಉಂಗುರಗಳು. ತೊಟ್ಟು ನಿಂತರೆ ಅವಳ ಮೈಗೆಂದೇ ಹುಟ್ಟಿದ ಹಾಗಿತ್ತು. ಇಷ್ಟು ಸರಿಯಾಗಿ ಅವಳು ಯಾವುದನ್ನೂ ಹೊಲಿದಿರಲಿಲ್ಲ. ಫೋಟೋ ಹಾಕಿದಳು. ಎರಡು ದಿನದಲ್ಲಿ ಸಾವಿರದಿನ್ನೂರು ಹೃದಯಗಳು. ಅಪ್ಪ ಅಂಥದ್ದನ್ನೆಲ್ಲ ನೋಡುವವನಲ್ಲ. ನೋಡಿದವನು ಉದಯ, ಅಂಕದಲ್ಲಿ ಹುಂಜದ ಕಾಲಿಗೆ ಬಾಳೆಂಬ ಸಣ್ಣ ಕತ್ತಿ ಕಟ್ಟುವವನು. ಶೆಡ್ಡಿಗೆ ಬಂದು ಅಪ್ಪನ ಮುಂದೆ ಮೊಬೈಲ್ ಹಿಡಿದು, “ತ್ಯಾಂಪಣ್ಣ, ನಿಮ್ಮ ಅಂಗಿಗೆ ಒಳ್ಳೆ ಯೋಗ ಬಂದಿದೆ ಮಾರಾಯ್ರೆ, ಸಾವಿರ ಜನ ಲೈಕ್ ಮಾಡಿದ್ದಾರೆ,” ಎಂದನಂತೆ.

ಗುರುವಾರ ಮಧ್ಯಾಹ್ನ ಅಪ್ಪ ಕೋಣೆಗೆ ಬಂದಾಗ ಅಂಗಿ ಅವಳ ಮೈಮೇಲಿತ್ತು, ಅವನ ಕಂಕುಳಲ್ಲಿ ಉರಿಯ ಇತ್ತು. ಕತ್ತರಿಸುವ ಮೇಜಿನ ಮೇಲಿನ ಬಟ್ಟೆಯನ್ನು ಸರಿಸಿ ಅದನ್ನು ಮೆಲ್ಲಗೆ ನಿಲ್ಲಿಸಿದ. ಬಾಲದಲ್ಲಿ ಮಡಿಚಿದ್ದ ಒಂದು ಗರಿಯನ್ನು ಎರಡು ಬೆರಳಿನಿಂದ ನೇರ ಮಾಡಿದ. ಆಮೇಲೆ ತಿರುಗಿ ಅವಳಿಗೆ ಹೊಡೆದ. ಶಮೀನಾ ಮಿಷನ್‌ನ ಪೆಡಲಿನ ಮೇಲಿನಿಂದ ಕಾಲು ತೆಗೆದದ್ದು, ಸೂಜಿ ಅರ್ಧದಲ್ಲಿ ನಿಂತದ್ದು, ಹುಂಜ ಒಮ್ಮೆ ಕೊರಳು ಕೊಂಕಿಸಿ ಏನಾಯಿತೆಂದು ನೋಡಿದ್ದು, ಇವಷ್ಟೇ ಸುಪ್ರಿತಾಳಿಗೆ ಸ್ಪಷ್ಟ. ಗೋಡೆಯ ಕಪ್ಪು ಅವಳ ಕೆನ್ನೆಗೆ ಹತ್ತಿತ್ತು.

“ಎಲ್ಲಿಂದ ತೆಗೆದದ್ದು?” ಅಪ್ಪ ಕೇಳಿದ. ದನಿ ಏರಿರಲಿಲ್ಲ.

“ನನಗೆ ಗೊತ್ತಿಲ್ಲಪ್ಪಾ. ರಾಶಿಯಲ್ಲಿ ಇತ್ತು.”

“ರಾಶಿಗೆ ಹೋದದ್ದು ಹೇಗೆ? ಅದಕ್ಕೆ ಕಾಲು ಉಂಟಾ?”

“ಶಮೀನಾ ಮೂಟೆ ಬಿಚ್ಚುವಾಗ ಬಿದ್ದಿರಬೇಕು.”

ಹೇಳಿಬಿಟ್ಟಿದ್ದಳು. ಎಷ್ಟು ಸಲೀಸಾಗಿ ಬಂತು ಆ ವಾಕ್ಯ, ಮೊದಲೇ ಹೊಲಿದು ಮಡಿಚಿಟ್ಟ ಹಾಗೆ. ಶಮೀನಾ ಅವಳ ಮುಖವನ್ನೇ ನೋಡಿದಳು. ಬಾಯಲ್ಲಿದ್ದ ಗುಂಡುಪಿನ್ನುಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದಳು, ಡಬ್ಬಿಯ ಮುಚ್ಚಳ ಹಾಕಿದಳು, ತನ್ನ ಊಟದ ಬುತ್ತಿ ಎತ್ತಿಕೊಂಡಳು. “ನಾಳೆಯಿಂದ ಬರುದು ಬೇಡ,” ಎಂದ ಅಪ್ಪ. “ಬರುದಿಲ್ಲ,” ಎಂದಳು ಅವಳು; ಅಪ್ಪನಿಗಲ್ಲ, ಸುಪ್ರಿತಾಳಿಗೆ. ಅವಳು ಚಪ್ಪಲಿ ಮೆಟ್ಟಿ ರಸ್ತೆಗಿಳಿಯುವವರೆಗೂ ಸುಪ್ರಿತಾ ಅಂಗಿಯ ಒಂದು ಉಂಗುರದ ಮೇಲೆ ಬೆರಳಿಟ್ಟು ನಿಂತಿದ್ದಳು. ಅಪ್ಪ ಆಗ ಹತ್ತಿರ ಬಂದ. ಮತ್ತೊಂದು ಏಟೆಂದು ಅವಳು ಕಣ್ಣು ಮುಚ್ಚಿದಳು. ಬರಲಿಲ್ಲ. ಕಣ್ಣು ತೆರೆದಾಗ ಅಪ್ಪ ಅವಳ ಎದೆಯತ್ತ ಬಗ್ಗಿ, ಕನ್ನಡಕ ಹಣೆಗೇರಿಸಿ, ಕೆಂಪು ಉಂಗುರಗಳನ್ನು ಓದುತ್ತಿದ್ದ. “ಇದು ಸವಣೂರಿನ ಬೊಲ್ಲ, ಆ ಬಿಳಿಯವ,” ಎಂದ ತನ್ನಷ್ಟಕ್ಕೆ. “ಇದು ಆ ಕಪ್ಪಿನವ, ಕರುಳು ಹೊರಗೆ ಬಂದರೂ ಓಡಲಿಲ್ಲ. ಇದು ಪಂಜ ಊರಿನ ಅಂಕದ್ದು.” ಒಂದೂ ತಪ್ಪಿರಲಿಲ್ಲ, ಒಂದೂ ಕಳೆದಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಅಣ್ಣ ಅವಿನ್, ವಾತಾವರಣ ತಿಳಿಯಾಗಲೆಂದು, “ಹಾಗಾದರೆ ಅಂಗಿ ಜೀವಂತ ಉಂಟು. ಆದರೆ ನಿಮಗೆ ಆಗುದಿಲ್ಲ ಈಗ, ಇವಳನ್ನೇ ತೊಡಿಸಿ ಕರ್ಕೊಂಡು ಹೋಗಿ,” ಎಂದು ನಕ್ಕ. ಅಪ್ಪ ನಗಲಿಲ್ಲ. ಹುಂಜವನ್ನು ಎತ್ತಿ ಕಂಕುಳಿಗಿಟ್ಟು, ಸ್ವಲ್ಪ ಹೊತ್ತು ಅದರ ಕಿರೀಟದ ಮೇಲೆ ಗಲ್ಲ ಊರಿ ಯೋಚಿಸಿ, ಭಾನುವಾರ ಅವಳೇ ಅಂಗಿ ತೊಟ್ಟು ಅಂಕಕ್ಕೆ ಬರಬೇಕೆಂದು ಹೇಳಿದ. ಸೋತರೆ ಏನಾಗುವುದೆಂದೂ ಹೇಳಿದ. ಅಮ್ಮ ಅಡುಗೆಮನೆಯಿಂದ, “ಮದುವೆಗೆ ಬಂದ ಹೆಣ್ಣನ್ನು ಕೋಳಿ ಅಂಕಕ್ಕೆ ಕರ್ಕೊಂಡು ಹೋಗುದಾ? ತಲೆ ಸರಿ ಉಂಟಾ ನಿಮಗೆ?” ಎಂದದ್ದು ಎಲ್ಲರಿಗೂ ಕೇಳಿಸಿತು, ಯಾರೂ ಕೇಳಿಸಿಕೊಳ್ಳಲಿಲ್ಲ.

ಈಗ, ಭಾನುವಾರ, ಪಿಕಪ್ ಕಡಬದ ರಸ್ತೆ ಹಿಡಿದಿತ್ತು. ಮುಂದೆ ಅಣ್ಣನ ಪಕ್ಕದಲ್ಲಿ ಅಪ್ಪ, ಅಪ್ಪನ ತೊಡೆಯ ಮೇಲೆ ಉರಿಯ, ಮತ್ತೆ ಬಾಗಿಲಿಗೆ ಒತ್ತಿಕೊಂಡು ಸುಪ್ರಿತಾ. ಹುಂಜಕ್ಕೆ ಜಾಗ ಬೇಕೆಂದು ಅವಳು ಅರ್ಧ ಸೀಟಿನಲ್ಲಿದ್ದಳು. ತಿರುವಿನಲ್ಲಿ ಅದರ ಮೈ ಅವಳ ತೋಳಿಗೆ ತಾಗುವುದು. ಅದರ ಎದೆಬಡಿತ ಬಟ್ಟೆಯ ಮೂಲಕ ಒಳಗೆ ಇಳಿಯುವುದು. ಅಣ್ಣ ಪೊಲೀಸರು ಬಂದರೆ ಯಾವ ಕಡೆ ಓಡುವುದೆಂದು ತಮಾಷೆ ಮಾಡುತ್ತಿದ್ದ: “ನಾವು ಗಂಡಸರು ತೋಟಕ್ಕೆ ಹಾರುದು. ನೀನು ನಿಂತಲ್ಲೇ ನಿಲ್ಲು, ‘ನಾನು ಫ್ಯಾಷನ್ ಶೋಗೆ ಬಂದದ್ದು ಸಾರ್’ ಅಂತ ಹೇಳು.” ಅವಳು ನಕ್ಕಂತೆ ಮಾಡಿದಳು. ರಾಶಿಯಲ್ಲಿ ಇತ್ತು ಎಂದು ಹೇಳಿದ್ದೆನಲ್ಲ. ಮೂರು ದಿನದಲ್ಲಿ ಆ ಸುಳ್ಳನ್ನು ಎಷ್ಟು ಸಲ ಒಗೆದರೂ ಬಣ್ಣ ಬಿಟ್ಟಿರಲಿಲ್ಲ. ಅಂಗಿ ರಾಶಿಗೆ ಬಿದ್ದಿರಲಿಲ್ಲ. ಕುರ್ಚಿ ಹತ್ತಿ ಮೊಳೆಯಿಂದ ಅವಳೇ ಇಳಿಸಿದ್ದಳು. ಹೊಲಿಯುತ್ತಿರುವಾಗ ಶಮೀನಾ ಕೇಳಿಯೂ ಇದ್ದಳು, “ಇದು ಸಂತೆಯದ್ದಲ್ಲ ಅಲ್ವಾ? ಮೂಟೆ ನಾನೇ ಬಿಚ್ಚಿದ್ದು, ಇದು ಇರ್ಲಿಲ್ಲ,” ಎಂದು. ಮನೆಯದ್ದೇ ಹಳತು ಎಂದಿದ್ದಳು ಸುಪ್ರಿತಾ, ಕಣ್ಣೆತ್ತದೆ. ಮುಟ್ಟಬಾರದ್ದು ಎಂದು ಗೊತ್ತಿತ್ತು. ಐದು ವರ್ಷದವಳಿದ್ದಾಗಲೇ ಗೊತ್ತಿತ್ತು. ಗೊತ್ತಿದ್ದರಿಂದಲೇ ಕತ್ತರಿ ಹಾಗೆ ನೇರ ಹೋಯಿತು. ಭುಜದಲ್ಲಿ ಮೊದಲ ಕಚ್ಚು ಬಿದ್ದಾಗ ಬಟ್ಟೆ ಸಿರ್ರೆಂದದ್ದು ಅವಳ ಹಲ್ಲಿನ ಬುಡದಲ್ಲಿ ಸಿಹಿಯಾಗಿ ಇಳಿದಿತ್ತು.

ಅಂಗಿ ಇಳಿಸಿದ ಹಿಂದಿನ ದಿನ ನಡೆದದ್ದು ಅಪ್ಪನ ತಾಯಿ ಚೆನ್ನು ಅಜ್ಜಿಯ ಸೀರೆಯದ್ದು. ಅಜ್ಜಿ ತೀರಿಕೊಂಡು ಎರಡು ವರ್ಷ. ಅವರ ಹಸಿರು ಬುಟ್ಟಾದ ಸೀರೆಯನ್ನು ಅಮ್ಮನಿಂದ ಬೇಡಿ ಪಡೆದು, ಅದರ ಸೆರಗನ್ನು ಎದೆಗೆ ಬರುವ ಹಾಗೆ ಇಟ್ಟು ಸುಪ್ರಿತಾ ತನಗೊಂದು ಉದ್ದ ಅಂಗಿ ಹೊಲಿಯುತ್ತಿದ್ದಳು. ಮಾರುವುದಕ್ಕಲ್ಲ. ಹೊಲಿಯುವಾಗ ಸೀರೆಯ ಮಡಿಕೆಗಳಿಂದ ಅಜ್ಜಿಯ ಕತೆಗಳು ಉದುರುತ್ತಿದ್ದವು. ಒಂದು ಹುಲಿಯಂತೆ, ಚರ್ಮ ಹರಿದು ಹೋಗಿ, ಹೊಲಿಯುವ ಹೆಂಗಸಿನ ಮನೆಗೆ ಬಂದು, ಕಳಚಿ ಕೊಟ್ಟು, ಕೆಂಪಗೆ ಬೆತ್ತಲೆಯಾಗಿ ಮೂಲೆಯಲ್ಲಿ ನಡುಗುತ್ತಾ ಕೂತಿತಂತೆ. ಅಲ್ಲಿಗೆ ನಿಲ್ಲಿಸಿ ಅಜ್ಜಿ ಕೇಳುವರು, “ನೀನಾದರೆ ಹೊಲಿದು ವಾಪಸು ಕೊಡ್ತಿದ್ದೆಯಾ?” ಪಾಪ, ಅದಕ್ಕೆ ಚಳಿ ಅಲ್ವಾ, ಕೊಡ್ತಿದ್ದೆ ಎನ್ನುವಳು ಇವಳು. ಒಮ್ಮೆ ಮಾತ್ರ ಕೊಡುದಿಲ್ಲ ಎಂದಿದ್ದಳು. ಅಜ್ಜಿ ಎಲೆಯಡಿಕೆಯ ಬಾಯಿ ತೆರೆದು ನಕ್ಕು, “ಜಾಣೆ” ಎಂದು ತಲೆ ಸವರಿದ್ದರು. ಸೀರೆ ಹೊಲಿಯುತ್ತಿದ್ದ ಆ ದಿನ ಅಂಕದಿಂದ ಬಂದ ಅಪ್ಪ ನೇರ ಕೋಣೆಗೆ ನುಗ್ಗಿದ, ಉರಿಯನ ಎದೆ ಸೀಳಿ ಹೋಗಿತ್ತು, “ಬಟ್ಟೆ ಕೊಡು, ಬಟ್ಟೆ ಕೊಡು” ಎನ್ನುತ್ತಾ ಮೇಜಿನ ಮೇಲಿದ್ದ ಆ ಹಸಿರನ್ನೇ ಎಳೆದು, ಹಲ್ಲಿನಿಂದ ಕಚ್ಚಿ ಹರಿದು, ಹುಂಜಕ್ಕೆ ಕಟ್ಟಿದ. ಸುತ್ತ ಹತ್ತು ಮೂಟೆ ಹಳೆ ಬಟ್ಟೆಯಿತ್ತು. ಅವಳು “ಅಪ್ಪಾ, ಅದು ಅಜ್ಜಿಯದ್ದು” ಎಂದಳು. “ಅಜ್ಜಿಗೆ ಇನ್ನು ಎಂತಕ್ಕೆ?” ಎಂದ ಅಪ್ಪ, ಬಾಯಲ್ಲಿ ನೂಲಿನೆಳೆ ಸಿಕ್ಕಿಸಿಕೊಂಡು. ತಾಯಿ ಸತ್ತ ದಿನ ಅಳದವನ ಕಣ್ಣಿಂದ ಆಗ ಬಳಬಳ ನೀರಿಳಿಯುತ್ತಿತ್ತು. ಉರಿಯ ಬದುಕಿತು, ತಿಂಗಳೊಳಗೆ ಗಾಯ ಮಾಯಿತು. ಬುಟ್ಟಾದ ತುಂಡು ಎರಡು ದಿನ ಅಂಗಳದಲ್ಲಿ ಬಿದ್ದಿತ್ತು, ನೊಣ ಮುತ್ತಿಕೊಂಡು.

ಕಡಬ ದಾಟಿ ಒಂದು ಮಣ್ಣುರಸ್ತೆ. ರಬ್ಬರ್ ತೋಟದ ಆಚೆ ಒಣಗಿದ ಗದ್ದೆ, ಗದ್ದೆಯಲ್ಲಿ ನೂರಿನ್ನೂರು ಗಂಡಸರು, ಅರ್ಧಕ್ಕರ್ಧ ಜನರ ಕಂಕುಳಲ್ಲಿ ಹುಂಜ. ನಡುವೆ ಹಗ್ಗ ಕಟ್ಟಿದ ಕಳ. ಅದರ ಮಣ್ಣು ತುಳಿದು ತುಳಿದು ಹಿಟ್ಟಾಗಿತ್ತು. ಅವಳು ಪಿಕಪ್ಪಿನಿಂದ ಇಳಿದದ್ದೇ ಹತ್ತಿರದ ಮಾತು ನಿಂತಿತು, ಆಮೇಲೆ ಸ್ವಲ್ಪ ದೂರದ್ದು ನಿಂತಿತು, ನೀರಿಗೆ ಕಲ್ಲು ಬಿದ್ದ ಹಾಗೆ ಆ ಮೌನ ಹರಡುತ್ತಾ ಹೋದದ್ದು ಅವಳಿಗೆ ಕಾಣಿಸಿತು. ಇಷ್ಟು ಕಣ್ಣುಗಳ ಎದುರು ಅವಳ ತೋಳುಗಳು ಎಲ್ಲಿಡಬೇಕೆಂದು ತಿಳಿಯದೆ ಉದ್ದವಾದವು. ಫೋಟೋಕ್ಕೆ ನಿಲ್ಲುವಾಗ ಒಂದು ಕೈ ಸೊಂಟಕ್ಕೆ, ಗಲ್ಲ ಸ್ವಲ್ಪ ಮೇಲಕ್ಕೆ. ಇಲ್ಲಿ ಅದೆಲ್ಲ ಇಲ್ಲ. “ಎಂತ ತ್ಯಾಂಪಣ್ಣ, ಇವತ್ತು ಹೇಂಟೆಯನ್ನೂ ತಂದಿದ್ದೀರಾ?” ಎಂದಿತು ಒಂದು ದನಿ. ನಗು ಎದ್ದಿತು. “ಬಾಳು ಕಟ್ಟುದು ಯಾರಿಗೆ ಮಾರಾಯ್ರೆ?” ಎಂದಿತು ಇನ್ನೊಂದು. ಅಪ್ಪ ಅವಳ ತೋಳನ್ನು, ಹುಂಜ ಹಿಡಿಯುವಷ್ಟೂ ಮೆತ್ತಗಲ್ಲದೆ, ಹಿಡಿದು ಹಗ್ಗದ ಹತ್ತಿರ ತಾನು ಯಾವತ್ತೂ ನಿಲ್ಲುವ ಮೂಲೆಗೆ ತಂದು ನಿಲ್ಲಿಸಿ, “ಇಲ್ಲಿಂದ ಅಲುಗಬೇಡ. ಕಣ್ಣು ಮುಚ್ಚಬೇಡ,” ಎಂದ. ಅವಳ ಹಿಂದೆ ನಿಂತವನೊಬ್ಬ ಬೇಕೆಂದೇ ಒತ್ತಿ ನಿಂತ. ಬೆನ್ನಿಗೆ ಒಂದು ಉಸಿರು ತಾಗುತ್ತಿತ್ತು, ಸಾರಾಯಿಯ ಬಿಸಿಯುಸಿರು. ಅವಳು ಅಣ್ಣನನ್ನು ಹುಡುಕಿದಳು. ಅವಿನ್ ಆಚೆ ಬದಿಯಲ್ಲಿ ಯಾರೊಡನೆಯೋ ಪಣದ ಮಾತಾಡುತ್ತಾ, ಅವಳ ಕಡೆ ನೋಡದಿರಲು ತುಂಬಾ ಕಷ್ಟಪಡುತ್ತಿದ್ದ.

ಎದುರಿನ ಹುಂಜ ಬೋಜಪ್ಪನದ್ದು, ಬೊಲ್ಲ, ಹಾಲಿನ ಬಿಳಿ. ಬೋಜಪ್ಪ ದಪ್ಪ ಮೀಸೆಯ, ಅಳುಮುಖದ ಮುದುಕ. ಹುಂಜವನ್ನು ಮಗುವಿನಂತೆ ಎದೆಗಾನಿಸಿಕೊಂಡಿದ್ದ. ಉದಯ ಮಂಡಿಯೂರಿ ತನ್ನ ಪೆಟ್ಟಿಗೆ ಬಿಚ್ಚಿದ. ಒಳಗೆ ಕೆಂಪು ಬಟ್ಟೆಯ ಮೇಲೆ ಬಾಳುಗಳು, ಕಿರುಬೆರಳಿಗಿಂತ ಸ್ವಲ್ಪ ಉದ್ದದ, ಮೀನಿನ ಹಾಗೆ ಹೊಳೆಯುವ ಸಣ್ಣ ಕತ್ತಿಗಳು. ಒಂದನ್ನು ಆರಿಸಿ, ಉರಿಯನ ಎಡಗಾಲಿಗೆ ಇಟ್ಟು, ನೂಲು ಸುತ್ತತೊಡಗಿದ. ಸುಪ್ರಿತಾಳ ಕಣ್ಣು ಅಲ್ಲಿ ಸಿಕ್ಕಿಬಿತ್ತು. ನೂಲು ಸುತ್ತುವ ಆ ಬೆರಳುಗಳು ಅವಳಿಗೆ ಗೊತ್ತಿದ್ದ ಬೆರಳುಗಳು. ಎಷ್ಟು ಬಿಗಿದರೆ ಜಾರದು, ಎಷ್ಟು ಬಿಗಿದರೆ ಹರಿಯುತ್ತದೆ, ಕೊನೆಯ ಗಂಟನ್ನು ಉಗುರಿನಿಂದ ಹೇಗೆ ಒಳಗೆ ತಳ್ಳಬೇಕು, ಎಲ್ಲ ಅವಳದೇ ಕೈಯ ವಿದ್ಯೆ. “ಒಂದು ಸುತ್ತು ಸಡಿಲ ಆಯ್ತು,” ಎಂದಳು. ತಾನೇ ಹೇಳಿದ್ದೆಂದು ಅವಳಿಗೆ ಆಮೇಲೆ ತಿಳಿಯಿತು. ಉದಯ ತಲೆಯೆತ್ತಿ ನೋಡಿದ, ನಗಬೇಕೋ ಬೇಡವೋ ಎಂದು ಅಪ್ಪನ ಮುಖ ನೋಡಿದ, ಬೆರಳಿನಿಂದ ಒತ್ತಿ ನೋಡಿದ. ಬಿಚ್ಚಿ ಮತ್ತೆ ಕಟ್ಟಿದ.

ಎರಡು ಹುಂಜಗಳನ್ನು ಎದುರುಬದುರು ಹಿಡಿದು ಒಂದಕ್ಕೊಂದು ಕುಕ್ಕಲು ಬಿಟ್ಟರು. ಕೊರಳ ಗರಿಗಳು ಕೊಡೆಯ ಹಾಗೆ ಬಿಚ್ಚಿಕೊಂಡವು. ಆಮೇಲೆ ನೆಲಕ್ಕೆ ಬಿಟ್ಟರು. ಮೊದಲ ಹಾರಾಟದಲ್ಲಿ ಏನಾಯಿತೆಂದು ಅವಳಿಗೆ ಕಾಣಲೇ ಇಲ್ಲ, ಬರಿಯ ಒಂದು ಸದ್ದು, ದಪ್ಪ ಬಟ್ಟೆಯನ್ನು ಎರಡು ಕೈಯಿಂದ ಕೊಡವಿದ ಹಾಗೆ. ಇಳಿದಾಗ ಉರಿಯನ ತೊಡೆಯಿಂದ ರಕ್ತ ಸುರಿಯುತ್ತಿತ್ತು. ಗಂಡಸರು ಕೂಗಿದರು. ನಾಳೆ ಬೆಳಿಗ್ಗೆ, ಗುಜರಿಯವನ ತಕ್ಕಡಿಯಲ್ಲಿ ತಲೆಕೆಳಗಾದ ಮಿಷನ್, ಒಲೆಯೊಳಗೆ ಕರಗಿ ಮುದುಡುವ ನೈಲಾನು, ಬೀಗ, ಆಮೇಲೆ ಯಾರೋ ನೋಡಲು ಬರುವವರ ಎದುರು ಚಹಾದ ತಟ್ಟೆ ಹಿಡಿದು ನಿಲ್ಲುವ ಒಂದು ಭಾನುವಾರ, ಇನ್ನೊಂದು ಭಾನುವಾರ. ಇಷ್ಟನ್ನೂ ಅವಳು ಹುಂಜದ ಆ ಸೀಳಿದ ತೊಡೆಯೊಳಗೆ ನೋಡಿದಳು. ಎರಡನೆಯ ಹಾರಾಟ. ಬೊಲ್ಲ ಮೇಲಿತ್ತು, ಉರಿಯ ಕೆಳಗೆ ಬಿದ್ದು ಧೂಳಿನಲ್ಲಿ ಒಂದು ಸುತ್ತು ಉರುಳಿ ಎದ್ದಿತು, ಒಂದು ಕಾಲು ಎಳೆಯುತ್ತಾ. ಏಳಬಾರದಿತ್ತು, ಪಾಪ, ಬಿದ್ದಲ್ಲೇ ಬಿದ್ದಿರಬಾರದಿತ್ತೇ ಎಂದು ಅವಳೊಳಗಿನ ಒಬ್ಬಳು ಅಂದುಕೊಂಡಳು. ಅದೇ ಕ್ಷಣ ಇನ್ನೊಬ್ಬಳು, ಎಲ್ಲಿದ್ದಳೋ ಇಷ್ಟು ದಿನ, ಗಂಟಲು ಹರಿದು ಕೂಗಿದಳು: “ಹಾಕು! ಕುತ್ತಿಗೆಗೆ ಹಾಕು! ಅಡಿಯಿಂದ ಹಾಕು!”

ಅದು ಹುಂಜಕ್ಕೆ ಕೇಳಿಸಿತೆಂದು ಅವಳು ಹೇಳುವಂತಿರಲಿಲ್ಲ. ಆದರೆ ಉರಿಯ ಈ ಸಲ ಹಾರಲಿಲ್ಲ. ಬೊಲ್ಲ ಹಾರಿ ಮೇಲೆ ಬರುವವರೆಗೆ ತಗ್ಗಿ ಕೂತು, ಬಂದಾಗ ಎಡಗಾಲನ್ನು ಮೇಲಕ್ಕೆ ಎಸೆಯಿತು. ಬಿಳಿಯ ಎದೆಯಲ್ಲಿ ಒಂದು ಗೆರೆ ತೆರೆದುಕೊಂಡಿತು, ಮೊದಲು ಬರಿ ಗೆರೆ, ಸೀಮೆಸುಣ್ಣದಿಂದ ಗುರುತು ಹಾಕಿದ ಹಾಗೆ, ಆಮೇಲೆ ಆ ಗೆರೆ ಕೆಂಪಾಗಿ ಅಗಲವಾಯಿತು. ಬೊಲ್ಲ ನಡೆದೇ ಬಂತು. ಹಗ್ಗದವರೆಗೆ, ನೇರ ಅವಳ ಮೂಲೆಗೆ, ಕುಡಿದವರ ಹಾಗೆ ಓಲಾಡುತ್ತಾ ಬಂದು, ಒಮ್ಮೆ ರೆಕ್ಕೆ ಬಡಿಯಿತು. ಬಿಸಿಯಾದದ್ದು ಅವಳ ಕುತ್ತಿಗೆಗೆ, ಗಲ್ಲಕ್ಕೆ, ಅಂಗಿಗೆ ಸಿಡಿಯಿತು. ಉರಿಯ ಕುಂಟುತ್ತಾ ಹಿಂದೆ ಬಂದು ಅದರ ಬೆನ್ನೇರಿ, ನೆತ್ತಿಯನ್ನು ಕುಕ್ಕತೊಡಗಿತು. ಅವಳು ಕಣ್ಣು ಮುಚ್ಚಲಿಲ್ಲ. ಕೂಗುವುದನ್ನೂ ನಿಲ್ಲಿಸಲಿಲ್ಲ. ಕೂಗುತ್ತಿದ್ದದ್ದು ಈಗ ಪದಗಳಾಗಿರಲಿಲ್ಲ. ಬೆನ್ನಿಗೆ ಒತ್ತಿಕೊಂಡಿದ್ದವನು ಯಾವಾಗಲೋ ಹಿಂದೆ ಸರಿದು, ಅವಳ ಸುತ್ತ ಒಂದು ಗೇಣು ಖಾಲಿ ಜಾಗವಾಗಿತ್ತು.

ಬೋಜಪ್ಪ ಹಗ್ಗದಡಿ ನುಸುಳಿ ಬಂದು ತನ್ನ ಹುಂಜದ ಬಳಿ ಕುಕ್ಕರಿಸಿದ. ಕಾಲು ಹಿಡಿದು ಎತ್ತಿ, ಪದ್ಧತಿಯಂತೆ ಗೆದ್ದವನಿಗೆ ಒಪ್ಪಿಸುವ ಮೊದಲು, ಅದರ ಕಣ್ಣುಗಳನ್ನು ಒಂದೊಂದಾಗಿ ಹೆಬ್ಬೆರಳಿನಿಂದ ಮುಚ್ಚಿದ. “ಒಳ್ಳೆ ಹುಂಜ ತ್ಯಾಂಪಣ್ಣ,” ಎಂದ, ಯಾರದ್ದೆಂದು ಹೇಳದೆ. ಅಪ್ಪ ಉರಿಯನನ್ನು ಅಣ್ಣನ ಕೈಗೆ ಕೊಟ್ಟ. ಎಂದೂ ಹಾಗೆ ಕೊಟ್ಟವನಲ್ಲ. ಸುಪ್ರಿತಾಳ ಎದುರು ಬಂದು ನಿಂತು ಅಂಗಿಯ ಮೇಲಿನ ಹೊಸ ಕಲೆಯನ್ನು ನೋಡಿದ. ಮುಟ್ಟಲು ಬೆರಳು ಚಾಚಿ, ಹಸಿ ಇದೆಯೆಂದು ಹಿಂತೆಗೆದ. “ಇದಕ್ಕೂ ನೂಲು ಹಾಕು,” ಎಂದ. ನಲವತ್ತನಾಲ್ಕನೆಯದ್ದು. ಅವನ ದನಿಯಲ್ಲಿ ಅವಳು ಇಪ್ಪತ್ತೈದು ವರ್ಷ ಕಾದಿದ್ದ ಏನೋ ಇತ್ತು, ಇದ್ದು ಹೋಯಿತು. “ಮಿಷನ್ ಇಟ್ಕೋ. ಕೋಣೆಯೂ ನಿನ್ನದೇ. ಆ ಹುಡುಗಿಯನ್ನು ಬೇಕಾದರೆ ಬರಲಿಕ್ಕೆ ಹೇಳು. ಈಗ ಅಂಗಿ ಬಿಚ್ಚಿ ಕೊಡು, ಒಳಗೆ ಬನಿಯನ್ ಉಂಟಲ್ಲ, ನನ್ನ ಶಾಲು ಹೊದ್ದು ಗಾಡಿಯಲ್ಲಿ ಕೂತ್ಕೋ. ಮುಂದಿನ ಜೊತೆಯ ಮೇಲೂ ಪಣ ಉಂಟು, ಅಂಗಿಯನ್ನು ನಾನು ಕೈಯಲ್ಲಿ ಹಿಡ್ಕೊಂಡು ನಿಲ್ತೇನೆ. ಇಲ್ಲಿ ಹೆಂಗಸರು ಹೆಚ್ಚು ಹೊತ್ತು ಇರುದಲ್ಲ.”

ಅಪ್ಪ ಕೈ ಚಾಚಿದ್ದ. ಬೆರಳುಗಳ ಸಂದಿನಲ್ಲಿ ಉರಿಯನ ಒಂದು ಪುಕ್ಕ ಅಂಟಿತ್ತು. ಗೆದ್ದೆ ಎಂದು ಅವಳು ತನಗೆ ಹೇಳಿಕೊಂಡಳು. ಬೇಕಿದ್ದದ್ದು ಇಷ್ಟೇ ಅಲ್ಲವೇ. ಬಿಚ್ಚಿ ಕೊಟ್ಟು, ಶಾಲು ಹೊದ್ದು, ಪಿಕಪ್ಪಿನಲ್ಲಿ ಕೂತು ಶಮೀನಾಳಿಗೆ ಫೋನು ಮಾಡಿ ನಾನೇ ಸುಳ್ಳು ಹೇಳಿದ್ದು ಎಂದರೆ ಮುಗಿಯಿತು.

“ಕೊಡುದಿಲ್ಲ,” ಎಂದಳು.

“ಎಂತ?”

“ಇದು ನಿಮಗೆ ಆಗುದಿಲ್ಲಪ್ಪಾ. ಕೈಯಲ್ಲಿ ಹಿಡ್ಕೊಂಡರೆ ಅದು ಬರಿ ಬಟ್ಟೆ.”

ಅಪ್ಪನ ಕೈ ಮೇಲೇರಿತು. ಅವಳ ಎಡಕಿವಿ ಏಟು ಬೀಳುವ ಮೊದಲೇ ಸುಟ್ಟುಕೊಂಡಿತು, ಆದರೆ ಅವಳು ಕಣ್ಣು ತೆರೆದೇ ಇದ್ದಳು. ಕೈ ಮೇಲೆಯೇ ಉಳಿದಿತ್ತು. ಬೋಜಪ್ಪ, “ಬಿಡಿ ಮಾರಾಯ್ರೆ, ಗೆಲ್ಲಿಸಿದವಳಿಗೆ ಹೊಡಿತಾರಾ? ಇವತ್ತಿನ ಮಟ್ಟಿಗೆ ಅವಳ ಮೈಯಲ್ಲಿ ಉಂಟು ಅದು,” ಎಂದ. ಸುತ್ತ ನಾಲ್ಕಾರು ಜನ ಹೌದು ಹೌದು ಎಂದರು, ಯಾರೂ ನಗಲಿಲ್ಲ. ಆ ಎತ್ತಿದ ಕೈ ಎಲ್ಲಿಗೂ ಹೋಗಲಾರದೆ ತನ್ನ ತಲೆಯನ್ನೇ ಕೆರೆದುಕೊಂಡು ಕೆಳಗಿಳಿದದ್ದನ್ನು ಅವಳು ನೋಡಿದಳು. ಅಪ್ಪನಿಗೆ ಅವಳನ್ನು ಕಂಡು ಹೆದರಿಕೆಯಾಗಿದೆ. ಈ ಅರಿವು ಅವಳ ಹೊಟ್ಟೆಯೊಳಗೆ ಸುಖವಾಗಿ, ಸಾರಾಯಿಯ ಹಾಗೆ ಬೆಚ್ಚಗೆ ಇಳಿಯಿತು. ಬೇಡ ಎಂದು ಉಗುಳಬೇಕೆನಿಸಿತು. ಉಗುಳಲಿಲ್ಲ.

“ಮುಂದಿನ ಜೊತೆ ಯಾವುದು?” ಎಂದು ಅವಳು ಉದಯನನ್ನು ಕೇಳಿದಳು. ಅವನು ಪೆಟ್ಟಿಗೆಯನ್ನು ಅವಳ ಕಡೆಗೆ ತಿರುಗಿಸಿ ಹಿಡಿದ. ಗಂಡಸರು ಎರಡೂ ಬದಿಗೆ ಸರಿದು ಹಗ್ಗದ ಹತ್ತಿರ ದಾರಿ ಬಿಟ್ಟರು. ಅಪ್ಪ ಅವಳ ಹಿಂದೆ ನಿಂತ, ಒಂದು ಹೆಜ್ಜೆ ಹಿಂದೆ. ಕೋಣೆ, ಮಿಷನ್, ಶಮೀನಾ, ಮೂರೂ ಉಳಿದುಕೊಂಡವು, ಶಮೀನಾಳಿಗೆ ಫೋನು ಮಾಡುವುದಿದೆ ಎಂದು ಅವಳಿಗೆ ಮತ್ತೆ ನೆನಪಾದದ್ದು ಹೊಸ ಹುಂಜದ ಕಾಲಿಗೆ ತಾನೇ ನೂಲು ಬಿಗಿಯುವಾಗ. ಮುಖದ ಮೇಲೆ ಕೂತ ನೊಣವನ್ನು ಓಡಿಸುವ ಹಾಗೆ ಆ ನೆನಪನ್ನು ಓಡಿಸಿ, ಅವಳು ಹಗ್ಗದ ಮೇಲೆ ಬಾಗಿದಳು.